ಸಹಾಯ ಬೇಕು: ವಿಮಾನದ ಮಾತು ಕೇಳಲು ಯಾವ ಸ್ಕ್ಯಾನರ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಪೈಲಟ್ ಮತ್ತು ವಿಮಾನ ನಿಲ್ದಾಣದ ಟವರ್ ನಡುವಿನ ಮಾತು ಕೇಳಲು ಕೈಯಲ್ಲಿ ಹಿಡಿಯುವಂಥ ಒಂದು ಸ್ಕ್ಯಾನರ್ (ಹಲವು ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕುವ ರೇಡಿಯೊ) ಬೇಕು. ಕೇಳೋದು ಮಾತ್ರ, ನಡುವೆ ಮಾತಾಡೋ ಆಸೆ ಇಲ್ಲ.

ಈಗಾಗಲೇ ಒಂದು ಪೆದ್ದ ಕೆಲಸ ಮಾಡಿದ್ದೇನೆ. ಡಬ್ಬದ ಮೇಲೆ 136ರಿಂದ 174 ಮೆಗಾಹರ್ಟ್ಸ್ ಅಂತ ನೋಡಿ, ಹತ್ತಿರ ಹತ್ತಿರ ಇದೆಯಲ್ಲ ಅಂದುಕೊಂಡು ಅಗ್ಗದ ವಾಕಿಟಾಕಿ ತಂದೆ. ವಿಮಾನದ ಮಾತು ಇರುವುದು 118ರಿಂದ 137ರವರೆಗೆ, ಅದೂ ಎಎಂ ಅನ್ನೋ ಬೇರೆ ಪ್ರಸಾರ ವಿಧಾನದಲ್ಲಿ. ನನ್ನದು ಹಿಡಿಯೋದು ಬರೀ ಎಫ್‌ಎಂ. ತಲೆ ಮೇಲೆ ವಿಮಾನ ಚಕ್ರ ಬಿಚ್ಚಿಕೊಂಡು ಇಳೀತಿದೆ, ನನ್ನ ಕೈಯಲ್ಲಿ ಗರಗರ ಅಷ್ಟೇ!

ಈಗ ಯುನಿಡೆನ್ ಬಿಸಿ125ಎಟಿ ಮತ್ತು ಐಕಾಂ ಐಸಿ-ಆರ್6 ನಡುವೆ ಒದ್ದಾಡುತ್ತಿದ್ದೇನೆ. ಮೊದಲನೆಯದರಲ್ಲಿ 500 ಚಾನೆಲ್, ಎರಡನೆಯದರಲ್ಲಿ 1300. ನನಗೆ ಇಪ್ಪತ್ತು ಸಾಕು, ಹಾಗಾಗಿ ಆ ಲೆಕ್ಕ ಬಿಡಿ. ಎರಡನ್ನೂ ಬಳಸಿದವರು ಇದ್ದರೆ ಹೇಳಿ: ಬಿಸಿಲಲ್ಲಿ ಪರದೆ ಓದಲು ಆಗುತ್ತಾ, ಪೈಲಟ್ ಎರಡೇ ಮಾತಾಡಿ ಸುಮ್ಮನಾದಾಗ ಸ್ಕ್ಯಾನ್ ಮುಂದಿನ ಚಾನೆಲ್‌ಗೆ ಓಡಿಹೋಗಿ ಟವರ್ ಕೊಡುವ ಉತ್ತರ ತಪ್ಪುತ್ತಾ? ಬರೀ 8.33 ಕಿಲೋಹರ್ಟ್ಸ್ ಅಂತರದಲ್ಲಿ ಒತ್ತೊತ್ತಾಗಿರುವ ಚಾನೆಲ್ ಸರಿಯಾಗಿ ಹಿಡಿಯುತ್ತವಾ?

ಆಂಟೆನಾ ಬಗ್ಗೆಯೂ ಅನುಮಾನ. ಈ ಅಲೆಗೆ ಕಾಲು ತರಂಗದ ಆಂಟೆನಾ (ಅಲೆಯ ಉದ್ದದ ಕಾಲು ಭಾಗದಷ್ಟು) ಅಂದರೆ ಸುಮಾರು 60 ಸೆಂಟಿಮೀಟರ್, ಜೊತೆಗೆ ಬರುವ ರಬ್ಬರ್ ಕಡ್ಡಿ ಗೇಣುದ್ದವೂ ಇರಲ್ಲ, ಅಲ್ವಾ? ಉದ್ದದ್ದು ಹಾಕಿದರೆ ಟವರ್ ಜಾಸ್ತಿ ಸ್ಪಷ್ಟವಾಗಿ ಕೇಳುತ್ತಾ? ಮೇಲಿನ ವಿಮಾನ ಹೇಗೂ ದೂರದಿಂದಲೇ ಸಿಗುತ್ತದೆ, ನೆಲದ ಮೇಲಿನವರದ್ದೇ ತೊಂದರೆ.

ದಯವಿಟ್ಟು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚಿ ಬಳಸುವ ರೇಡಿಯೊ) ತಗೋ ಅನ್ನಬೇಡಿ. ಲ್ಯಾಪ್‌ಟಾಪ್ ಹೊತ್ತುಕೊಂಡು ಮಹಡಿ ಹತ್ತಲು ನನ್ನಿಂದಾಗಲ್ಲ.