ಭಾನುವಾರದ ಪ್ರಶ್ನೋತ್ತರ: ಗರ್ಭಕೋಶದ ಬಾಯಿ ಕ್ಯಾನ್ಸರ್ ಕರುಳಿಗೂ ಹೋಗುತ್ತಾ?

ಅಡ್ಮಿನ್, ಶಿವಮೊಗ್ಗ: ಸಂಜೆ 5ರಿಂದ ಕ್ಯಾನ್ಸರ್ ಸರ್ಜನ್ ಮೇಡಂ ನಮ್ಮ ಜೊತೆ ಇರುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ರೇಖಾ, ಭದ್ರಾವತಿ: ನಮಸ್ತೆ ಮೇಡಂ. ಮಗಳಿಗೆ 12 ವರ್ಷ. ಎಚ್‌ಪಿವಿ ಲಸಿಕೆ ಹಾಕಿಸಬಹುದಾ?

ಡಾಕ್ಟರ್: ನಮಸ್ತೆ. ಖಂಡಿತ ಹಾಕಿಸಿ. 9ರಿಂದ 14 ಒಳ್ಳೇ ವಯಸ್ಸು. ಗರ್ಭಕೋಶದ ಬಾಯಿ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು 70 ಜನಕ್ಕೆ ಅದನ್ನು ತರುವುದು ಎಚ್‌ಪಿವಿ ಅನ್ನೋ ವೈರಸ್ಸಿನ 16 ಮತ್ತು 18ನೇ ಜಾತಿ, ಲಸಿಕೆ ಇವೆರಡನ್ನೂ ತಡೆಯುತ್ತದೆ. ಹಾಕಿಸಿಕೊಂಡರೂ 30 ದಾಟಿದ ಮೇಲೆ ತಪಾಸಣೆ ತಪ್ಪಿಸಬಾರದು.

ಸುಜಾತಾ, ಹೊಸನಗರ: ಮೇಡಂ, ಅಮ್ಮನಿಗೆ 58. ಮೂರು ವರ್ಷದ ಹಿಂದೆ ಗರ್ಭಕೋಶದ ಬಾಯಿ ಕ್ಯಾನ್ಸರ್‌ಗೆ 25 ಕರೆಂಟು (ರೇಡಿಯೇಷನ್) ಕೊಡಿಸಿದ್ವಿ, ವಾರಕ್ಕೊಂದು ಕೀಮೋ, ಕೊನೆಗೆ ಒಳಗಿನಿಂದಲೂ ಕರೆಂಟು. ಚೆನ್ನಾಗೇ ಇದ್ದಳು. ಎರಡು ತಿಂಗಳಿಂದ ಎರಡು ಸೌಟು ಗಂಜಿ ಕುಡಿದರೂ ಹೊಟ್ಟೆ ಉಬ್ಬಿ ಸೀರೆ ಸಡಿಲ ಮಾಡಿಕೊಳ್ಳುತ್ತಾಳೆ. ಗ್ಯಾಸ್ ಅಂತ ಮಾತ್ರೆ ಕೊಡ್ತಾ ಇದ್ವಿ. ಹೋದ ವಾರ ಸ್ಕ್ಯಾನಲ್ಲಿ ಸಣ್ಣ ಕರುಳು ಒಂದು ಕಡೆ ದಪ್ಪ ಆಗಿ ದಾರಿ ಕಿರಿದಾಗಿದೆ ಅಂದರು. ಅಲ್ಲಿಯ ಕ್ಯಾನ್ಸರ್ ಇಲ್ಲಿಗೆ ಬರುತ್ತಾ?

ಮಂಜುಳಾ, ಶಿಕಾರಿಪುರ: ಮೇಡಂ ಲಸಿಕೆ ಎಷ್ಟನೇ ವಯಸ್ಸಿಗೆ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಸುಜಾತಾ, ಬರಬಹುದು, ಆದರೆ ಬಹಳ ಅಪರೂಪ. ಈ ಕ್ಯಾನ್ಸರ್ ಸಾಮಾನ್ಯವಾಗಿ ಅಕ್ಕಪಕ್ಕಕ್ಕೇ ಹಬ್ಬುತ್ತದೆ, ಅಂದರೆ ಮೂತ್ರಕೋಶಕ್ಕೆ, ಗುದನಾಳಕ್ಕೆ, ಸೊಂಟದೊಳಗಿನ ಲಿಂಫ್ ಗ್ರಂಥಿಗಳಿಗೆ. ದೂರ ಹೋದರೆ ಶ್ವಾಸಕೋಶ, ಲಿವರ್, ಮೂಳೆ. ಸಣ್ಣ ಕರುಳಲ್ಲಿ ಹೋಗಿ ಕೂತಿದ್ದನ್ನು ನಾನು ನೋಡಿದ್ದು ಎರಡೇ ಸಲ. ಹಾಗಾಗಿ ನನ್ನ ಮೊದಲ ಅನುಮಾನ ಆ ಕರೆಂಟಿನ ಮೇಲೇ. ರೇಡಿಯೇಷನ್ ಬಿದ್ದ ಕರುಳು ಎಷ್ಟೋ ವರ್ಷ ಆದಮೇಲೂ ಸುಟ್ಟ ಗಾಯದ ಕಲೆ ಸೆಳೆದುಕೊಂಡ ಹಾಗೆ ಬಿಗಿಯುತ್ತದೆ. ಸ್ಕ್ಯಾನಲ್ಲಿ ಎರಡೂ ಒಂದೇ ಥರ ಕಾಣಬಹುದು, ಬಯಾಪ್ಸಿ ಇಲ್ಲದೆ ಇಂಥದ್ದೇ ಅಂತ ಹೇಳೋಕಾಗಲ್ಲ. ಕರುಳಲ್ಲೇ ಹುಟ್ಟುವ ಕ್ಯಾನ್ಸರ್ ಸ್ಕ್ವಾಮಸ್, ಅಂದರೆ ಚಪ್ಪಟೆ ಕೋಶದ ಜಾತಿಯದ್ದಾಗುವುದು ತೀರಾ ಕಮ್ಮಿ, ಗರ್ಭಕೋಶದ ಬಾಯಿಯದ್ದು ಹೆಚ್ಚಾಗಿ ಅದೇ. ಕರುಳಿನ ಚೂರಲ್ಲಿ ಸ್ಕ್ವಾಮಸ್ ಸಿಕ್ಕರೆ ಎಚ್‌ಪಿವಿಯ ಗುರುತು ಹುಡುಕುವ ಪಿ16 ಅನ್ನೋ ಪರೀಕ್ಷೆ ಮಾಡಿ ಹಳೇ ಸ್ಲೈಡ್ ಪಕ್ಕ ಇಟ್ಟು ನೋಡುತ್ತಾರೆ. ಹಳೇ ಬಯಾಪ್ಸಿಯ ಬ್ಲಾಕು (ಮೇಣದಲ್ಲಿಟ್ಟ ಚೂರು), ಸ್ಲೈಡು, ಎಷ್ಟು ಕರೆಂಟು ಕೊಟ್ಟರು ಅನ್ನೋ ಕಾಗದ, ಎಲ್ಲಾ ಹುಡುಕಿ ಇಡಿ.

ಈಗ ಹೇಳಿ. ವಾಂತಿ ಇದೆಯಾ? ಗಾಳಿ ಹೋಗ್ತಿದೆಯಾ?

ಗಣಪತಿ, ಸಾಗರ: ಸುಜಾತಕ್ಕ, ಲಕ್ಷ್ಮಣಫಲದ ಎಲೆ ಕಷಾಯ ಕೊಡಿ. ಕೀಮೋಗಿಂತ 10,000 ಪಟ್ಟು ಜೋರು. ಮೊದಲು ಹರಳೆಣ್ಣೆಯಲ್ಲಿ ಹೊಟ್ಟೆ ಶುದ್ಧ ಆಗಬೇಕು.

ಡಾಕ್ಟರ್: ಆ 10,000 ಪಟ್ಟು ಲ್ಯಾಬಿನ ಬಟ್ಟಲಿನ ಕೋಶಗಳ ಲೆಕ್ಕ, ಮನುಷ್ಯರದ್ದಲ್ಲ. ಆ ಬಟ್ಟಲಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತೆ. ಅದನ್ನೂ ಕುಡಿಸ್ತೀರಾ?

ನಾಗರಾಜ್, ತೀರ್ಥಹಳ್ಳಿ: ಗಣಪತಿಯವರೇ, ಹೋದ ತಿಂಗಳು ಶುಗರ್‌ಗೂ ಇದೇ ಎಲೆ ಅಂದಿದ್ರಿ.

ಗಣಪತಿ: ನಮ್ಮಜ್ಜ ಊರಿಗೆಲ್ಲ ಮದ್ದು ಕೊಡ್ತಿದ್ರು. ನಿಮಗೆ ಇಂಗ್ಲಿಷ್ ಔಷಧಿ ಮೇಲೆ ಮಾತ್ರ ನಂಬಿಕೆ.

ನಾಗರಾಜ್: ಅಜ್ಜ ನಾಡಿ ಹಿಡಿದು ನೋಡಿ ಕೊಡ್ತಿದ್ರು. ನೀವು ಫೋನ್ ಒತ್ತಿ ಕೊಡ್ತೀರಿ.

ಗಣಪತಿ: ಅಜ್ಜನ ಸುದ್ದಿಗೆ ಬರಬೇಡ ಮಾರಾಯ.

ಶೋಭಾ, ಸೊರಬ: ಬಿಳಿ ಸೆರಗು ಹೋದರೆ ಕ್ಯಾನ್ಸರಾ ಮೇಡಂ?

ಡಾಕ್ಟರ್: ಬಹುತೇಕ ಅಲ್ಲ. ಕೆಟ್ಟ ವಾಸನೆ, ರಕ್ತ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕೂಡಲೇ ತೋರಿಸಿ.

ಇಕ್ಬಾಲ್, ಶಿವಮೊಗ್ಗ: ಆಯುಷ್ಮಾನ್ ಕಾರ್ಡಲ್ಲಿ ಕರೆಂಟು ಕೊಡ್ತಾರಾ?

ಸುಜಾತಾ: ಕ್ಷಮಿಸಿ, ನೆಟ್‌ವರ್ಕ್ ಇರಲಿಲ್ಲ. ನಿನ್ನೆಯಿಂದ ಹಸಿರು ವಾಂತಿ. ಎರಡು ದಿನದಿಂದ ಗಾಳಿಯೂ ಇಲ್ಲ. ಮಲಗಿದಾಗ ಹೊಟ್ಟೆ ಚರ್ಮದ ಕೆಳಗೆ ಹಾವು ಹರಿದ ಹಾಗೆ ಕಾಣುತ್ತೆ, ಆಗೆಲ್ಲ ಅಮ್ಮ ಮಂಚದ ಪಟ್ಟಿ ಹಿಡ್ಕೊಳ್ತಾಳೆ. ಬೆಳಗ್ಗೆ ಎರಡು ಚಮಚ ಹರಳೆಣ್ಣೆ ಕೊಟ್ಟೆ, ಮೊನ್ನೆ ಇದೇ ಗುಂಪಲ್ಲಿ ಬಂದಿತ್ತಲ್ಲ.

ಡಾಕ್ಟರ್: ಅದು ಕರುಳು ಕಟ್ಟಿದ ಲಕ್ಷಣ. ಈಗಲೇ ಹೊರಡಿ, 108ಕ್ಕೆ ಫೋನ್ ಮಾಡಿ. ಮಳೆ, ರಸ್ತೆ ಅಂತ ಬೆಳಗಿನವರೆಗೆ ಕಾಯಬೇಡಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಅಲ್ಲಿ ಮೂಗಿನಿಂದ ಪೈಪ್ ಹಾಕಿ ಹೊಟ್ಟೆ ಖಾಲಿ ಮಾಡುತ್ತಾರೆ, ಡ್ರಿಪ್ ಕೊಡುತ್ತಾರೆ, ಆಪರೇಷನ್ ಬೇಕಾಗಬಹುದು. ಕಾರಣ ಕ್ಯಾನ್ಸರೋ ಕರೆಂಟೋ ಆಮೇಲೆ ನೋಡೋಣ, ತೆಗೆದ ಕರುಳಿನ ಚೂರೇ ಬಯಾಪ್ಸಿಗೆ ಹೋಗುತ್ತದೆ.

ಗಣಪತಿಯವರೇ, ದಾರಿ ಮುಚ್ಚಿದ ಕರುಳನ್ನು ಹರಳೆಣ್ಣೆ ಇನ್ನೂ ಜೋರಾಗಿ ಹಿಂಡುತ್ತದೆ. ತೂತು ಬಿದ್ದರೆ ಜೀವಕ್ಕೇ ಅಪಾಯ. ಆ ಮೆಸೇಜ್ ಅಳಿಸಿ.

ಗಣಪತಿ: ನಾನು ಒಳ್ಳೇದಕ್ಕೇ ಹಾಕಿದ್ದು.

ನಾಗರಾಜ್: ಮೊದಲು ಅಳಿಸ್ರೀ.

ಪ್ರಿಯಾ, ಸಾಗರ: ಲಸಿಕೆ ಮದುವೆಯಾದವರಿಗೂ ಆಗುತ್ತಾ?

ಅಡ್ಮಿನ್: ಸ್ವಲ್ಪ ಸುಮ್ನಿರಿ ಎಲ್ಲರೂ.

ಸುಜಾತಾ: ಆಂಬುಲೆನ್ಸ್ ರಿಪ್ಪನ್‌ಪೇಟೆ ದಾಟಿತು. ಎಣ್ಣೆ ಕೊಟ್ಟಿದ್ದು ಅಲ್ಲಿ ಹೇಳಬೇಕಾ ಮೇಡಂ? ಬೈತಾರೇನೋ.

ಡಾಕ್ಟರ್: ಮೊದಲು ಅದನ್ನೇ ಹೇಳಿ. ಎಷ್ಟು ಗಂಟೆಗೆ ಕೊಟ್ಟಿದ್ದು ಅಂತಲೂ.