ಫ್ಯೂಚರಾಮ ಎಪಿಸೋಡ್ ವಿಮರ್ಶೆ ಬರೆಯೂದು ಹೆಂಗೆ? ಬೆಂಡಾ ಎಪಿಸೋಡಿಗೆ 5 ಕೊಟ್ಟಿದ್ದು ಕಮ್ಮಿ ಆಯ್ತಾ?

ಅಘನಾಶಿನಿ_ದಂಡೆ (ಕುಮಟಾ):
ಎಲ್ಲರಿಗೂ ನಮಸ್ಕಾರ. ಈ ಮಳೆಲಿ ಸಂಜೆ ಎಲ್ಲೂ ಹೋಗೂಕೆ ಆಗೂದಿಲ್ಲ ನೋಡಿ, ಹಂಗಾಗಿ ನಾನು ತಂಗಿ ಕೂತ್ಕಂಡು ಫ್ಯೂಚರಾಮ ಅನ್ನೂ ಅಮೆರಿಕದ ಕಾರ್ಟೂನ್ ಸೀರಿಯಲ್ ಮೊದಲಿಂದ ನೋಡ್ತಾ ಇದ್ದೇವೆ, ಅದೇ 1999ರ ಕೊನೇ ರಾತ್ರಿ ಪಿಜ್ಜಾ ಕೊಡೂಕೆ ಹೋದ ಫ್ರೈ ಅನ್ನೂ ಹುಡುಗ ಫ್ರೀಜ್ ಆಗಿ ಸಾವಿರ ವರ್ಷದ ಮೇಲೆ ಏಳೂದು. ಒಂದೊಂದು ಎಪಿಸೋಡ್ ಮುಗಿದ ಕೂಡ್ಲೆ ಕನ್ನಡದಲ್ಲಿ ಸ್ವಲ್ಪ ಬರೆದು ಹತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕಿ ಫ್ರೆಂಡ್ಸ್ ಗ್ರೂಪಿಗೆ ಬಿಡ್ತೆ. ತಂಗಿ ಎಂತಾ ಹೇಳ್ತು ಅಂದ್ರೆ, ಇದು ವಿಮರ್ಶೆ ಅಲ್ಲ, ಪಿಯುಸಿ ಗೈಡ್‌ನಲ್ಲಿ ಪಾಠದ ಸಾರಾಂಶ ಇರ್ತದಲ್ಲ ಹಂಗಿದೆ ಅಂತ! ಕಥೆ ಹೇಳದೆ ಮತ್ತೆಂತ ಬರೆಯೂದು ಮಾರಾಯ್ರೆ? ಇನ್ನೊಂದು, 2010ರ ‘ದ ಪ್ರಿಸನರ್ ಆಫ್ ಬೆಂಡಾ’ಕ್ಕೆ 5 ಕೊಟ್ಟೆ, ಒಂದು ಮೆಶಿನ್ನಲ್ಲಿ ಕೂತು ಎಲ್ಲರ ಮನಸ್ಸು ಮೈ ಅದಲುಬದಲು ಆಗೂದು ಸರಿ, ಕೊನೆಗೆ ಇಬ್ಬರು ಬಾಸ್ಕೆಟ್‌ಬಾಲ್ ಆಟಗಾರರು ಬಂದು ಬೋರ್ಡ್ ಮೇಲೆ ಏನೋ ಗೀಚಿ ಎಲ್ಲ ಸರಿ ಮಾಡೂದು ಅಂದ್ರೆ ತೀರಾ ಸಸಾರ ಅನ್ನಿಸ್ತು.

ತೋಟದಮನೆ (ಶಿರಸಿ):
ತಮಾ, ಆ ಬೋರ್ಡ್ ಮೇಲೆ ಗೀಚಿದ್ದೇ ಎಪಿಸೋಡಿನ ಜೀವ. ಅದನ್ನ ಬರೆದ ಕೆನ್ ಕೀಲರ್ ಅನ್ವಯಿಕ ಗಣಿತದಲ್ಲಿ ಡಾಕ್ಟರೇಟ್ ಮಾಡಿದವ, ಈ ಕಥೆಗೆ ಅಂತಲೇ ಒಂದು ಪ್ರಮೇಯ ಸಾಧಿಸಿದ, ತಮಾಷೆಗಲ್ಲ, ಲೆಕ್ಕ ಮಾಡಿ ನೋಡಿದ್ರೂ ಸರಿಯಾಗೇ ಬರ್ತು. ಆ ಮೆಶಿನ್ನಲ್ಲಿ ಒಂದ್ಸಲ ಬದಲಾದ ಎರಡು ಮೈ ಮತ್ತೆ ಅವೆರಡೇ ಬದಲಾಗೋಕೆ ಬರಲ್ಲ, ನಿಯಮ ಇಷ್ಟೇ. ಈಗ ನೀನು ನಿನ್ನ ತಂಗಿ ಬದಲಾದ್ರಿ ಅಂತ ಇಟ್ಕ. ಪಕ್ಕದ ಮನೆ ಭಟ್ರನ್ನೂ ಹೆಗಡೇರನ್ನೂ ಕರಿ. ಮೊದಲು ನಿನ್ನ ಮೈ ಭಟ್ರ ಜೊತೆ, ತಂಗಿ ಮೈ ಹೆಗಡೇರ ಜೊತೆ ಕೂರಿಸು. ಆಮೇಲೆ ನಿನ್ನ ಮೈ ಹೆಗಡೇರ ಜೊತೆ, ತಂಗಿ ಮೈ ಭಟ್ರ ಜೊತೆ. ಅಲ್ಲಿಗೆ ನೀವಿಬ್ಬರೂ ನಿಮ್ಮ ನಿಮ್ಮ ಮೈಗೆ ಬಂದ್ರಿ, ಭಟ್ರು ಹೆಗಡೇರು ಮಾತ್ರ ಒಬ್ಬರ ಮೈಯಲ್ಲಿ ಒಬ್ಬರು ಉಳಿದ್ರು, ಅವರಿಬ್ಬರು ಈವರೆಗೆ ಎದುರುಬದುರು ಕೂತೇ ಇಲ್ಲ ಅಲ್ದಾ, ಐದನೇ ಸಲ ಅವರನ್ನೇ ಕೂರಿಸಿದ್ರೆ ಮುಗೀತು. ಎಷ್ಟು ಜನ ಹೆಂಗೆ ಕಲಸಿ ಹೋಗಿದ್ರೂ ಹೊಸಬರು ಇಬ್ಬರಿದ್ರೆ ಸಾಕು, ಇದೇ ಪ್ರಮೇಯ. ಕಾಗದದ ಮೇಲೆ ಮಾಡಿ ನೋಡು ಬೇಕಾದ್ರೆ.

ಹಾಗಾಗಿ ವಿಮರ್ಶೆಲಿ ಕಥೆ ಬೇಡ. ಎಪಿಸೋಡ್ ತನಗೆ ತಾನೇ ಹಾಕ್ಕೊಂಡ ನಿಯಮ ಯಾವುದು, ಅದನ್ನ ಕೊನೆವರೆಗೆ ಉಳಿಸ್ಕೊಂಡ್ತಾ, ಇಲ್ಲಾ ಕಷ್ಟ ಬಂದ ಕೂಡ್ಲೆ ಬಿಟ್ಹಾಕ್ತಾ, ಅದನ್ನ ಬರಿ.

ಕಾಳಿ_ಸೇತುವೆ (ಕಾರವಾರ):
ನಾನು ಒಪ್ಪೂದಿಲ್ಲ ಭಟ್ರೇ (ಭಟ್ರೋ ಹೆಗಡೇರೋ ಯಾರೋ ನೀವು). ನಿಯಮ ಅಂತ ನೋಡಿದ್ರೆ 2002ರ ‘ಜುರಾಸಿಕ್ ಬಾರ್ಕ್’ಗೆ ಎಷ್ಟು ಕೊಡ್ತೀರಿ? ಅದ್ರಲ್ಲಿ ಸೈನ್ಸ್ ಅಂತ ಇರೂದು ಕಲ್ಲಾದ ನಾಯಿ ಒಂದೇ, ಅದೂ ಬರೇ ನೆಪ. ಆದ್ರೆ ಕೊನೇ ನಿಮಿಷ ನೋಡಿ ನಮ್ಮನೇಲಿ ಯಾರೂ ಮಾತಾಡ್ಲಿಲ್ಲ. ಆ ಕೊನೇ ನಿಮಿಷ ಎಂತ ಅಂತ ಮಾತ್ರ ದಯವಿಟ್ಟು ಯಾರೂ ಬರೀಬೇಡಿ, ಬರೆದು ಹಾಳು ಮಾಡಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಮತ್ತೆ ಸೀಸನ್ ನಂಬರ್ ಹಾಕುವಾಗ ಹುಷಾರು. ಫಾಕ್ಸ್ ಚಾನೆಲ್‌ನವರು ಮೊದಲ 72 ಎಪಿಸೋಡನ್ನ ತಯಾರಾದ ಕ್ರಮದಲ್ಲಿ ಹಾಕ್ಲೇ ಇಲ್ಲ, ತಯಾರಿ ಲೆಕ್ಕದಲ್ಲಿ ನಾಲ್ಕು ಸೀಸನ್, ಪ್ರಸಾರದ ಲೆಕ್ಕದಲ್ಲಿ ಐದು, ಹಾಗಾಗಿ ನಿಮ್ಮ ಗ್ರೂಪಲ್ಲಿ ಜಗಳ ಗ್ಯಾರಂಟಿ, ಎಪಿಸೋಡ್ ಹೆಸರು ಹಾಕಿಬಿಡಿ.

ಯಾಣದ_ದಾರಿ (ಕುಮಟಾ ತಾಲೂಕು):
ಇಬ್ಬರು ಹೇಳೂದೂ ಒಂದೇ ಎಪಿಸೋಡಲ್ಲಿ ಬೇಕು ಅಂದ್ರೆ ‘ದ ಲೇಟ್ ಫಿಲಿಪ್ ಜೆ. ಫ್ರೈ’ ನೋಡಿ, ಅದೂ 2010ರದ್ದೇ, ಮರುವರ್ಷ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು. ಅದ್ರಲ್ಲಿ ಟೈಮ್ ಮೆಶಿನ್ ಮುಂದೆ ಮಾತ್ರ ಹೋಗ್ತದೆ, ಹಿಂದೆ ಬರೂದಿಲ್ಲ. ಆ ಒಂದು ಕಟ್ಟುಪಾಡಿಂದಲೇ ಫ್ರೈ ಪ್ರೀತಿಸೂ ಹುಡುಗಿ ಲೀಲಾ, ಮುಂದಿನ ಕಾಲಕ್ಕೆ ಹೋದ ಅವನಿಗೆ ಗುಹೆಯಲ್ಲಿ ಸಂದೇಶ ಬಿಡೂದು, ಮೇಲೆ ತೂತು ಮಾಡ್ತಾಳೆ, ನೀರು ಹನಿ ಹನಿ ಬಿದ್ದು ಎಷ್ಟೋ ಕಾಲದ ಮೇಲೆ ಕೆಳಗೆ ಕಲ್ಲಾಗಿ ಅಕ್ಷರ ಏಳ್ತದೆ. ನಮ್ಮ ಯಾಣದ ಬಂಡೆಯೂ ಸುಣ್ಣದ ಕಲ್ಲೇ, ಅಲ್ಲಿ ಲಿಂಗದ ಮೇಲೆ ನೀರು ತೊಟ್ಟಿಕ್ಕೂದು ನೋಡಿದವರಿಗೆ ಗೊತ್ತು. ಸುಣ್ಣ ಕರಗಿದ ನೀರು ಇದ್ರೆ ಮಾತ್ರ ಹಂಗೆ ಕಂಬ ಬೆಳೀತದೆ, ಅದಕ್ಕೂ ಸಾವಿರಾರು ವರ್ಷ ಬೇಕು. ಇಲ್ಲಿ ಸೈನ್ಸ್ ತೆಗೆದ್ರೆ ಪ್ರೀತಿನೂ ಹೋಯ್ತು. ನಾನಾದ್ರೆ ವಿಮರ್ಶೆಲಿ ಇದನ್ನೇ ನೋಡ್ತೆ, ಆ ಐಡಿಯಾ ಕಿತ್ತು ಹಾಕಿದ್ರೆ ಕಥೆ ನಿಲ್ತದೋ ಬೀಳ್ತದೋ ಅಂತ.

ಅಘನಾಶಿನಿ_ದಂಡೆ (ಕುಮಟಾ):
ತೋಟದಮನೆಯವರೇ, ಕರೆಂಟ್ ಹೋಗಿತ್ತು, ಮೇಣದಬತ್ತಿ ಹಚ್ಕಂಡು ನಾಲ್ಕು ಚೀಟಿ ಇಟ್ಟು ಮಾಡಿ ನೋಡಿದ್ವಿ, ಬಂತು! ತಂಗಿಗೆ ಭಾರಿ ಖುಷಿ, 9 ಕೊಡು ಅಂತ ಹಟ ಹಿಡಿದಿದೆ. ಆದ್ರೂ ನಡುವೆ ಆ ಚಕ್ರವರ್ತಿ ಕಿರೀಟ ಕದಿಯೂ ಭಾಗ ಎಳೆದಂಗೇ ಇದೆ ನನಗೆ. 6 ಹಾಕ್ತೆ, ಅದರ ಮೇಲೆ ಅರ್ಧವೂ ಇಲ್ಲ.

ತೋಟದಮನೆ (ಶಿರಸಿ):
ಅಡ್ಡಿಲ್ಲೆ. ಎಳೆದದ್ದು ಯಾಕೆ ಅಂತನೂ ಬರಿ, ಬರೇ ನಂಬರ್ ಹಾಕಿ ಬಿಡಡ. ಲೇಟ್ ಫ್ರೈಗೆ ಎಷ್ಟು ಕೊಡ್ತೆ ಹೇಳು, ಅದಕ್ಕೂ 6 ಅಂದ್ರೆ ಮಾತ್ರ ನಿನ್ನ ತಂಗಿ ಪಾರ್ಟಿ ಸೇರ್ತೆ ಆನು.