ಜಲವರ್ಣದಲ್ಲಿ ಹಳೆಯ ಕೊಟ್ಟಿಗೆ: ಹಲಗೆ ಗೋಡೆ, ತುಕ್ಕು ಹಿಡಿದ ಮಾಡು ಬರೆಯುವ ಕ್ರಮ ಹೇಗೆ?

ಒದ್ದೆಕುಂಚ (ಪ್ರಶ್ನೆ)
ಬಿಸಿಲು ಮಳೆಗೆ ಬೂದಿಬಣ್ಣಕ್ಕೆ ತಿರುಗಿದ ಹಲಗೆ ಗೋಡೆ, ತುಕ್ಕು ಹಿಡಿದ ತಗಡಿನ ಮಾಡು, ಅರ್ಧ ತೆರೆದ ಬಾಗಿಲು, ಬಿಸಿಲು ಎಡಗಡೆಯಿಂದ. ಹಾಳೆ 28×38 ಸೆಂ.ಮೀ., 300 ಜಿಎಸ್‌ಎಂ ಕೋಲ್ಡ್ ಪ್ರೆಸ್ (ಸ್ವಲ್ಪ ತರಿತರಿ ಮೈಯದು), ಪೂರ್ತಿ ಹತ್ತಿಯದು. ಹಲಗೆ ಒಂದೊಂದನ್ನೂ ಬಿಡಿಸಿದರೆ ಗೋಡೆ ಪಟ್ಟೆ ಬಟ್ಟೆಯ ಹಾಗೆ ಕಾಣುತ್ತದೆ, ಬಿಡಿಸದಿದ್ದರೆ ಮರ ಅನ್ನಿಸುವುದೇ ಇಲ್ಲ. ಪೇನ್ಸ್ ಗ್ರೇ (ನೀಲಿ ಛಾಯೆಯ ಸಿದ್ಧ ಬೂದಿಬಣ್ಣ) ಹಾಕಿದರೆ ಜೀವ ಇರುವುದಿಲ್ಲ. ತುಕ್ಕು ಮೇಲೆ ಅಂಟಿಸಿದ ಕಲೆಯಾಗಿ ನಿಲ್ಲುತ್ತದೆ. ಯಾವುದು ಮೊದಲು, ಯಾವುದು ಆಮೇಲೆ?

ನೆರಳುಬೆಳಕು
ಹಲಗೆಯಿಂದ ಶುರು ಮಾಡಬೇಡಿ. ಬಿಳಿಗೆ 1, ಅತಿ ಗಾಢಕ್ಕೆ 5 ಎಂದಿಟ್ಟುಕೊಂಡರೆ ಬಿಸಿಲು ಬಿದ್ದ ಗೋಡೆ 2, ನೆರಳಿನ ಗೋಡೆ 4ರ ಹತ್ತಿರ, ಬಾಗಿಲೊಳಗಿನ ಕತ್ತಲು 5. ಈ ಅಂತರ ಸರಿ ಇದ್ದರೆ ನಾಲ್ಕೈದು ಸಂದು ತೋರಿಸಿದರೂ ಕಣ್ಣು ಅದನ್ನು ಹಲಗೆ ಗೋಡೆ ಎಂದು ಒಪ್ಪುತ್ತದೆ. ಅಂತರ ತಪ್ಪಿದರೆ ನಲವತ್ತು ಗೀಟು ಎಳೆದರೂ ಪ್ರಯೋಜನವಿಲ್ಲ. ಅಂಗೈಯಗಲದ ಪೆನ್ಸಿಲ್ ಸ್ಕೆಚ್‌ನಲ್ಲಿ ಇದನ್ನು ಮೊದಲೇ ತೀರ್ಮಾನಿಸಿ.

ಬೂದಿಬಣ್ಣಕ್ಕೆ ಅಲ್ಟ್ರಾಮರೀನ್ (ನೀಲಿ), ಬರ್ನ್ಟ್ ಸಿಯೆನಾ (ಕೆಂಗಂದು) ಎರಡೇ ಸಾಕು. ಪ್ಯಾಲೆಟ್‌ನಲ್ಲಿ ಅರೆಬರೆ ಬೆರೆಸಿ, ಉಳಿದದ್ದು ಕಾಗದದ ಮೇಲೆ ಕೂಡಿಕೊಳ್ಳಲಿ. ಒಂದು ಕಡೆ ನೀಲಿ, ಇನ್ನೊಂದು ಕಡೆ ಕಂದು ಉಳಿಯುವುದೇ ಇಲ್ಲಿ ಬೇಕಾದದ್ದು. ಅಲ್ಟ್ರಾಮರೀನ್‌ನ ಕಣಗಳು ಕಾಗದದ ತಗ್ಗುಗಳಲ್ಲಿ ಕೂರುವುದರಿಂದ ಹಳೆ ಮರದ ಒರಟು ತಾನಾಗಿಯೇ ಬರುತ್ತದೆ.

ಬೋರ್ಡನ್ನು ಸುಮಾರು 15 ಡಿಗ್ರಿ ಓರೆ ಇಟ್ಟು, ಒಂದಿಂಚಿನ ಫ್ಲಾಟ್ ಬ್ರಷ್‌ನಲ್ಲಿ ಸೂರಿನಿಂದ ನೆಲದವರೆಗೆ ಹಲಗೆ ಹೋದ ದಿಕ್ಕಿನಲ್ಲೇ ಮೊದಲ ವಾಶ್ (ನೀರಾಗಿ ಬೆರೆಸಿದ ಬಣ್ಣದ ಪದರ) ಎಳೆಯಿರಿ. ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಒಂದು ಛಾಯೆ ಗಾಢವಾಗಿಯೇ ಹಾಕಿ. ಅಲ್ಲಲ್ಲಿ ಕೂದಲೆಳೆಯಷ್ಟು ಬಿಳಿ ಉಳಿದರೆ ಮುಚ್ಚಲು ಹೋಗಬೇಡಿ, ಅದು ಹಲಗೆಯ ಅಂಚು.

ಪೂರ್ತಿ ಒಣಗಲಿ. ಹಿಂಗೈಗೆ ಕಾಗದ ತಣ್ಣಗೆ ತಗುಲಿದರೆ ಇನ್ನೂ ತೇವ ಇದೆ ಎಂದರ್ಥ. ಆಮೇಲೆ ಬ್ರಷ್ಷಿನ ನೀರನ್ನು ಬಟ್ಟೆಗೆ ಒತ್ತಿ ತೆಗೆದು, ಹಿಡಿಕೆಯನ್ನು ಕಾಗದಕ್ಕೆ ಹತ್ತಿರ ಮಲಗಿಸಿ, ವೇಗವಾಗಿ ಡ್ರೈ ಬ್ರಷ್ ಎಳೆಯಿರಿ. ನಂತರ ಉದ್ದ ಕೂದಲಿನ ತೆಳು ಬ್ರಷ್ಷಾದ 2ನೇ ನಂಬರಿನ ರಿಗ್ಗರ್‌ನಲ್ಲಿ ಸಂದುಗಳು: ಒತ್ತಿ, ಹಗುರ ಮಾಡಿ, ನಡುವೆ ತುಂಡರಿಸಿ. ಮೂರರಲ್ಲಿ ಒಂದು ಸಂದು ಸಾಕು; ಸೂರಿನ ಕೆಳಗೆ, ಬಾಗಿಲ ಪಕ್ಕದಲ್ಲಿ ಒತ್ತಾಗಿರಲಿ. ಹಲಗೆಗಳ ಅಗಲ ಒಂದೇ ಸಮ ಆದರೆ ಪಟ್ಟೆ ಮತ್ತೆ ಬಂತು.

ನೆರಳು ಕೊನೆಗೆ. ಅಲ್ಟ್ರಾಮರೀನ್‌ಗೆ ಸ್ವಲ್ಪ ಪರ್ಮನೆಂಟ್ ರೋಸ್ ಬೆರೆಸಿದ ಪಾರದರ್ಶಕ ವಾಶ್, ಒಂದೇ ಎಳೆತ. ಎರಡನೇ ಸಲ ಬ್ರಷ್ ಆಡಿಸಿದರೆ ಕೆಳಗಿನ ಬಣ್ಣ ಎದ್ದು ಕೆಸರಾಗುತ್ತದೆ. ಗೋಡೆಯ ಬುಡದಲ್ಲಿ, ವಾಶ್ ಹಸಿ ಇರುವಾಗಲೇ, ಸ್ವಲ್ಪ ರಾ ಸಿಯೆನಾ (ಹಳದಿಗಂದು) ಬಿಡಿ: ಬಿಸಿಲು ಬಿದ್ದ ನೆಲದ ಬೆಳಕು ಅಲ್ಲಿಗೆ ಪುಟಿಯುತ್ತದೆ. ಸೂರಿನ ನೆರಳಿನ ಅಂಚು, ಸೆಟೆದ ಹಲಗೆಗಳ ಮೇಲೆ ಹಾಯುವಾಗ ಒಂದಿಷ್ಟು ಏರಿಳಿಯಬೇಕು. ಸ್ಕೇಲ್ ಇಟ್ಟು ಎಳೆದ ಹಾಗಿದ್ದರೆ ಗೋಡೆ ಹೊಸದಾಗಿ ಕಾಣುತ್ತದೆ.

ತಗಡುಮಾಡು
ತುಕ್ಕು ಕಲೆಯಾಗಿ ನಿಲ್ಲುವುದು ಅದನ್ನು ಒಣಗಿದ ಮೇಲೆ ಹಾಕಿದ್ದಕ್ಕೆ. ಮಾಡಿಗೆ ತಿಳಿಯಾದ ನೀಲಿ-ಬೂದಿ ವಾಶ್ ಹಾಕಿ. ತಗಡು ಆಕಾಶದ ಬೆಳಕನ್ನು ಹೊಳೆಯಿಸುವುದರಿಂದ ಎಷ್ಟೋ ಸಲ ಮಾಡು ಗೋಡೆಗಿಂತ ತಿಳಿಯಾಗಿರುತ್ತದೆ. ನೀರಿನ ಹೊಳಪು ಮಾಸುವ ಹೊತ್ತಿಗೆ ಬರ್ನ್ಟ್ ಸಿಯೆನಾವನ್ನು ಬ್ರಷ್ ತುದಿಯಿಂದ ಮುಟ್ಟಿಸಿ, ಬೋರ್ಡನ್ನು ನೆಟ್ಟಗೆ ಹಿಡಿಯಿರಿ. ಈ ಬಣ್ಣ ಕೆಳಗಿನ ವಾಶ್‌ಗಿಂತ ಗಟ್ಟಿಯಾಗಿರಲೇಬೇಕು. ನೀರು ಹೆಚ್ಚಾದರೆ ಅದು ಸುತ್ತಲಿನ ಬಣ್ಣವನ್ನು ತಳ್ಳಿ ಹೂಕೋಸಿನಂಥ ಅಂಚು ಬಿಡುತ್ತದೆ. ತುಕ್ಕು ಶುರುವಾಗುವುದು ಮೊಳೆಯ ಸುತ್ತ, ಎರಡು ತಗಡು ಒಂದರ ಮೇಲೊಂದು ಕೂತ ಕಡೆ. ಅಲ್ಲಿಂದ ಮಳೆನೀರು ಹರಿದ ದಾರಿಯಲ್ಲೇ ಇಳಿಯುತ್ತದೆ. ಉಪ್ಪು ಉದುರಿಸುವ ಉಪಾಯ ಇಲ್ಲಿ ಬೇಡ, ಅದು ಕೊಡುವುದು ನಕ್ಷತ್ರದಂಥ ಚುಕ್ಕೆ, ಇಳಿದ ಗೆರೆಯಲ್ಲ.

ಮಾಡಿನ ನೆತ್ತಿಗೆರೆ ನಡುವೆ ಚೂರು ಕುಸಿದಿರಲಿ. ಹಳೆಯ ತೊಲೆ ಭಾರಕ್ಕೆ ಬಾಗಿರುತ್ತದೆ.

ಒದ್ದೆಕುಂಚ
ತುಂಬಾ ಉಪಯೋಗವಾಯಿತು. ಗೋಡೆಯ ಮುಂದಿನ ಒಣಹುಲ್ಲಿಗೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಕಾಗದ ಮುಚ್ಚುವ ರಬ್ಬರಿನಂಥ ದ್ರವ) ಹಾಕಲೇ? ಬಾಗಿಲೊಳಗೆ ಕಪ್ಪು ಬಣ್ಣ ಹಾಕಬಹುದೇ?

ರಾಅಂಬರ್
ಹತ್ತಾರು ಎಳೆಗೆ ಮಾಸ್ಕಿಂಗ್ ಬೇಡ, ಅಂಚುಗಳು ಕತ್ತರಿಸಿದಷ್ಟು ಗಡುಸಾಗುತ್ತವೆ. ಗೋಡೆಯ ಬುಡದ ವಾಶ್ ಹೊಳಪು ಕಳೆದುಕೊಳ್ಳುವಾಗ ಹಳೆ ಪ್ಲಾಸ್ಟಿಕ್ ಕಾರ್ಡಿನ ಮೂಲೆಯಿಂದ ಮೇಲಕ್ಕೆ ಗೀರಿ. ಬಣ್ಣ ಸರಿದು ತಿಳಿ ಗೆರೆ ಉಳಿಯುತ್ತದೆ. ತೀರಾ ಹಸಿ ಇರುವಾಗ ಗೀರಿದರೆ ಗಾಯವಾದ ಕಾಗದಕ್ಕೆ ಬಣ್ಣ ನುಗ್ಗಿ ಗೆರೆ ಕಪ್ಪಾಗುತ್ತದೆ, ಆದ್ದರಿಂದ ಬೇರೆ ತುಂಡಿನ ಮೇಲೆ ಸಮಯ ನೋಡಿಕೊಳ್ಳಿ. ಮಾಸ್ಕಿಂಗ್ ಹಾಕಲೇಬೇಕಾದರೆ ಒಣ ಕಾಗದಕ್ಕೆ ಹಾಕಿ. ಬ್ರಷ್ಷನ್ನು ಮೊದಲು ಸೋಪಿಗೆ ಅದ್ದಿ. ವಾಶ್ ಒಣಗಿದ ಕೂಡಲೇ ಉಜ್ಜಿ ತೆಗೆಯಿರಿ. ದಿನಗಟ್ಟಲೆ ಬಿಟ್ಟರೆ ಕಾಗದದ ಮೇಲ್ಪದರವೂ ಜೊತೆಗೆ ಕಿತ್ತು ಬರುತ್ತದೆ.

ಬಾಗಿಲೊಳಗೆ ಟ್ಯೂಬಿನ ಕಪ್ಪು ಬೇಡ. ಅದೇ ಎರಡು ಬಣ್ಣವನ್ನು ನೀರು ಕಡಿಮೆ ಮಾಡಿ ಗಟ್ಟಿಯಾಗಿ ಬೆರೆಸಿ, ಬರ್ನ್ಟ್ ಸಿಯೆನಾ ತುಸು ಮುಂದಿರಲಿ. ಒಂದೇ ಸಲಕ್ಕೆ ತುಂಬಿ, ಹಸಿ ಇರುವಾಗಲೇ ಹೊಸ್ತಿಲ ಹತ್ತಿರ ಒರೆಸಿದ ಬ್ರಷ್‌ನಿಂದ ಸ್ವಲ್ಪ ಬಣ್ಣ ಎತ್ತಿಬಿಡಿ. ಒಳಗಿನ ನೆಲ ಕಾಣುತ್ತದೆ.